ಚಿತ್ರದಲ್ಲಿ ಕಾಣದ ಊರು

ಮನೆಗೆ ಹೊಸ ಪುಸ್ತಕವೊಂದು ಬಂದರೆ ಆಗುವ ಸಂಭ್ರಮವು, ಬಹುದಿನದಿಂದ ಕಾದಿದ್ದ ನಂಟರು ಬಂದಾಗ ಆಗುವ ಸಂಭ್ರಮಕ್ಕಿಂತ ಕಡಮೆಯದಲ್ಲ. ಕಳೆದ ದೀಪಾವಳಿಗೆ ನನ್ನ ತಂಗಿಯ ಮಗನು ಬೆಂಗಳೂರಿನಿಂದ ಬರುವಾಗ ಒಂದು ದೊಡ್ಡ ಗ್ರಂಥವನ್ನು ಉಡುಗೊರೆಯಾಗಿ ತಂದನು. ಅದನ್ನು ಓದುವ ಪುಸ್ತಕವೆನ್ನುವುದಕ್ಕಿಂತ ನೋಡುವ ಪುಸ್ತಕವೆನ್ನುವುದೇ ಸರಿ. ಶರಾವತಿಯ ಕಣಿವೆಯ ಕಾಡು, ಅಲ್ಲಿಯ ಪ್ರಾಣಿಪಕ್ಷಿಗಳು, ಸುತ್ತಣ ಸೀಮೆಯ ದೇವಾಲಯಗಳು, ಹಳ್ಳಿಯ ಗೋಡೆಯ ಮೇಲಣ ಚಿತ್ತಾರಗಳು, ಇವೆಲ್ಲವುಗಳ ಛಾಯಾಚಿತ್ರಗಳು ಅದರಲ್ಲಿ ತುಂಬಿದ್ದುವು. ಕೈಯಲ್ಲಿ ಹಿಡಿದು ನೋಡಲಾಗದಷ್ಟು ಭಾರವಾಗಿದ್ದುದರಿಂದ ಅದನ್ನು ನಡುಮನೆಯ ಚಾಪೆಯ ಮೇಲಿಟ್ಟು ಎಲ್ಲರೂ ಸುತ್ತ ಕುಳಿತೆವು. ಚಕ್ಕುಲಿ ತಿಂದ ಕೈಯಿಂದ ಹಾಳೆಯನ್ನು ಮುಟ್ಟಕೂಡದೆಂದು ಮಕ್ಕಳನ್ನು ಗದರಿಸಿದವನು ನಾನೇ.

ಚಿತ್ರಗಳ ಸೊಗಸನ್ನು ಎಷ್ಟು ಹೇಳಿದರೂ ಸಾಲದು. ಮೊದಲ ಪುಟಗಳಲ್ಲಿಯೇ ಸಿಂಗಳೀಕವಿದ್ದಿತು. ಮೈಯೆಲ್ಲ ಕಪ್ಪು, ಮುಖದ ಸುತ್ತಲೂ ಬೂದುಬಣ್ಣದ ಕೇಸರ, ಬಾಲದ ತುದಿಯಲ್ಲಿ ಸಿಂಹಕ್ಕಿರುವಂತೆ ಒಂದು ಕುಚ್ಚು. ಈ ವಾನರವು ಪಶ್ಚಿಮಘಟ್ಟಗಳಲ್ಲಿಯಲ್ಲದೆ ಪ್ರಪಂಚದ ಬೇರಾವ ಕಾಡಿನಲ್ಲಿಯೂ ಇಲ್ಲ. ಇದು ನೆಲಕ್ಕಿಳಿಯುವುದು ಅಪರೂಪ. ಮರದ ನೆತ್ತಿಯಿಂದ ಮರದ ನೆತ್ತಿಗೆ ದಾಟುತ್ತ, ಹಣ್ಣುಕಾಯಿಗಳನ್ನೂ ಹುಳುಗಳನ್ನೂ ತಿಂದು ಬಾಳುವುದು. ಆದುದರಿಂದ ಕಾಡಿನ ಮೇಲ್ಛಾವಣಿಯು ಎಡೆಬಿಡದೆ ಹಬ್ಬಿರಬೇಕು. ನಡುವೆ ಅಗಲವಾದ ಬಯಲೊಂದು ಬಿದ್ದರೆ ಈಚೆಯ ಹಿಂಡು ಈಚೆಗೆ, ಆಚೆಯದು ಆಚೆಗೆ. ಶರಾವತಿಯ ಕಣಿವೆಯು 1972ರಲ್ಲಿ ವನ್ಯಜೀವಿಧಾಮವಾಯಿತು. 2019ರಲ್ಲಿ ಅದನ್ನು ವಿಸ್ತರಿಸಿ ಸಿಂಗಳೀಕದ ಹೆಸರನ್ನೇ ಕೊಟ್ಟರು.

ಮುಂದಿನ ಪುಟದಲ್ಲಿ ಮಂಗಟ್ಟೆ ಹಕ್ಕಿ. ಮೊಟ್ಟೆಯಿಡುವ ಕಾಲ ಬಂದಾಗ ಹೆಣ್ಣು ದೊಡ್ಡ ಮರದ ಪೊಟರೆಯೊಳಗೆ ಸೇರಿಕೊಂಡು, ಕೊಕ್ಕು ತೂರುವಷ್ಟು ಸೀಳೊಂದನ್ನು ಬಿಟ್ಟು ಬಾಗಿಲನ್ನು ಮುಚ್ಚಿಕೊಳ್ಳುವುದು. ಗಂಡು ದಿನವೂ ಹಣ್ಣುಗಳನ್ನು ತಂದು ಆ ಸೀಳಿನ ಮೂಲಕ ಉಣಿಸುವುದು. ಇದನ್ನು ನಾನು ಓದಿ ಹೇಳಿದಾಗ ನನ್ನ ಹೆಂಡತಿಯು, "ಬಾಣಂತನವೆಂದರೆ ಇದಪ್ಪ! ಈ ಗಂಡುಹಕ್ಕಿಯಿಂದ ಕಲಿಯತಕ್ಕವರು ಬಹಳ ಮಂದಿ ಇದ್ದಾರೆ" ಎಂದಳು. ನಾನು ಮಾತನಾಡದೆ ಪುಟವನ್ನು ತಿರುವಿದೆನು.

ಅಲ್ಲಿ ಸಿದ್ದಾಪುರದ ಕಡೆಯ ಕತ್ತಲೆಕಾನಿನ ಚಿತ್ರವಿದ್ದಿತು. ಸದಾ ನೀರು ನಿಂತ ಜೌಗುನೆಲ. ಅದರಲ್ಲಿ ರಾಮಪತ್ರೆಯ ಬಳಗದ ಮರಗಳು. ಕೆಸರಿನಲ್ಲಿ ಉಸಿರಾಡುವುದಕ್ಕಾಗಿ ಅವುಗಳ ಬೇರುಗಳು ಮಂಡಿ ಮಡಿಸಿದಂತೆ ನೆಲದಿಂದ ಮೇಲಕ್ಕೆದ್ದು ಮತ್ತೆ ಮಣ್ಣಿಗಿಳಿದಿದ್ದುವು. ಗೇರಿನ ಬಳಗಕ್ಕೆ ಸೇರಿದ ಒಂದು ಮರವನ್ನು ಶಾಸ್ತ್ರಜ್ಞರು 2000ದಲ್ಲಿ ಹೊಸ ಜಾತಿಯೆಂದು ವರ್ಣಿಸಿ, ಈ ಕಾನಿನ ಹೆಸರನ್ನೇ ಅದಕ್ಕೆ ಇಟ್ಟರು. ಶತಮಾನಗಳಿಂದ ನಮ್ಮವರು ಸುತ್ತಮುತ್ತ ಓಡಾಡಿಕೊಂಡಿದ್ದ ಕಾಡಿನಲ್ಲಿಯೇ ಯಾರ ಲೆಕ್ಕಕ್ಕೂ ಬಾರದ ಮರವೊಂದು ನಿಂತಿದ್ದಿತೆಂದರೆ, ನಾವು ನೋಡದಿರುವುದು ಇನ್ನೆಷ್ಟಿದ್ದೀತು!

ಹೀಗೆ ನೋಡುತ್ತಿರುವಾಗ ಒಂದು ಜೋಡಿಪುಟವು ಬಂದಿತು. ಸಂಜೆಯ ಹೊತ್ತು; ಕಣ್ಣು ಹರಿಯುವವರೆಗೂ ನೀಲಿಯ ನೀರು; ನೀರಿನ ನಡುವೆ ಕೊಂಬೆಯಿಲ್ಲದೆ ಒಣಗಿ ನಿಂತ ಮರದ ಬೊಡ್ಡೆಗಳು; ದೂರದಲ್ಲಿ ಗುಡ್ಡದ ಸಾಲು. ಕೆಳಗೆ 'ಹಿನ್ನೀರು, ಸಂಜೆ' ಎಂದು ಎರಡೇ ಮಾತು. ಮಕ್ಕಳು "ಎಷ್ಟು ಚೆನ್ನಾಗಿದೆ!" ಎಂದರು. ಅದುವರೆಗೆ ಗೋಡೆಗೊರಗಿ ಕುಳಿತಿದ್ದ ನಮ್ಮ ದೊಡ್ಡಮ್ಮನವರು ಕನ್ನಡಕವನ್ನು ಸರಿಪಡಿಸಿಕೊಂಡು ಮುಂದಕ್ಕೆ ಬಾಗಿದರು. ಬಹಳ ಹೊತ್ತು ನೋಡಿ, "ತಮ್ಮಾ, ಇದರಲ್ಲಿ ನಮ್ಮ ಊರಿನ ಚಿತ್ರ ಯಾವ ಪುಟದಲ್ಲಿದೆ?" ಎಂದು ಕೇಳಿದರು. ನಾನು ಕೊನೆಯವರೆಗೂ ಹುಡುಕುವಂತೆ ಪುಟಗಳನ್ನು ತಿರುವಿದೆನು. ಇಲ್ಲವೆಂಬುದು ನನಗೂ ಗೊತ್ತಿದ್ದಿತು, ಅವರಿಗೂ ಗೊತ್ತಿದ್ದಿತು.

ದೊಡ್ಡಮ್ಮನವರಿಗೆ ಈಗ ಎಂಬತ್ತು ದಾಟಿದೆ. ಹದಿನಾರನೆಯ ವಯಸ್ಸಿಗೆ ಮದುವೆಯಾಗಿ ಶರಾವತಿಯ ದಡದ ಹಳ್ಳಿಯೊಂದಕ್ಕೆ ಸೊಸೆಯಾಗಿ ಹೋದರು. ನಾಲ್ಕು ವರ್ಷಗಳೊಳಗೆ ಆ ಹಳ್ಳಿಯನ್ನು ಬಿಡಬೇಕಾಯಿತು. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದು, ಅದರ ಹಿಂದೆ ನೀರು ನಿಂತು, ಮನೆ, ತೋಟ, ಗದ್ದೆ, ದೇವರ ಬನ ಎಲ್ಲವೂ ಮುಳುಗಿದುವು. ಅವರ ಬಾಯಿಂದ ಆ ಊರಿನ ಮಾತನ್ನು ನಾವು ಹೆಚ್ಚಾಗಿ ಕೇಳಿದವರಲ್ಲ. ನಾವಾಗಿ ಕೇಳಿದವರೂ ಅಲ್ಲ. ಅಂದಿನ ರಾತ್ರಿಯೇ ನಾನು ನಿಶ್ಚಯಿಸಿದೆನು: ಈ ಪುಸ್ತಕವನ್ನೂ ದೊಡ್ಡಮ್ಮನವರನ್ನೂ ಕರೆದುಕೊಂಡು ಆ ಸೀಮೆಯನ್ನು ಒಮ್ಮೆ ನೋಡಿ ಬರಬೇಕು.

ಮಾರ್ಗಶಿರ ಮಾಸದ ಒಂದು ಮುಂಜಾನೆ ಬಾಡಿಗೆಯ ಕಾರಿನಲ್ಲಿ ಶಿವಮೊಗ್ಗೆಯನ್ನು ಬಿಟ್ಟು ಆನಂದಪುರದ ಮೇಲೆ ಸಾಗರವನ್ನು ಸೇರಿದೆವು. ಮಂಜು ಇನ್ನೂ ಕರಗಿರಲಿಲ್ಲ. ಮನೆಮನೆಯ ಅಂಗಳದಲ್ಲಿಯೂ ಅಡಕೆ ಹರವಿದ್ದರು. ಮೊದಲು ಸಮೀಪದ ಇಕ್ಕೇರಿಗೆ ಹೋದೆವು. ಕೆಳದಿಯ ಅರಸರು ಇಲ್ಲಿ ರಾಜಧಾನಿಯನ್ನು ಮಾಡಿಕೊಂಡಿದ್ದ ಕಾಲದ ಅಘೋರೇಶ್ವರ ದೇವಾಲಯವು ಗಂಭೀರವಾದ ಕಲ್ಲಿನ ಕಟ್ಟಡ. ಎದುರಿಗೆ ದೊಡ್ಡ ನಂದಿ. ಗರ್ಭಗುಡಿಗೆ ಎದುರಾಗಿ ನೆಲದ ಕಲ್ಲಿನಲ್ಲಿ, ಸಾಷ್ಟಾಂಗವೆರಗಿದ ಭಂಗಿಯಲ್ಲಿ ಮೂವರು ಅರಸರ ಆಕೃತಿಗಳನ್ನು ಹೆಸರುಸಹಿತ ಕೆತ್ತಿದ್ದಾರೆ. ಪುಸ್ತಕದಲ್ಲಿ ನಂದಿಯ ಚಿತ್ರವು ಬಹು ಸೊಗಸಾಗಿದ್ದಿತು. ನೆಲದ ಮೇಲಣ ಈ ಅರಸರನ್ನು ಮಾತ್ರ ನಾವು ಅಲ್ಲಿಗೆ ಹೋಗಿಯೇ ಕಂಡೆವು. ಕೆಳದಿಯಲ್ಲಿ ರಾಮೇಶ್ವರ ದೇವಾಲಯದ ಚಾವಣಿಯ ಗಂಡಭೇರುಂಡವನ್ನು ನೋಡಿದೆವು. ಶಿವಾಜಿಯ ಮಗನಾದ ರಾಜಾರಾಮನಿಗೆ ಆಶ್ರಯವಿತ್ತು ಔರಂಗಜೇಬನ ಕೋಪಕ್ಕೆ ಅಂಜದಿದ್ದ ಚೆನ್ನಮ್ಮರಾಣಿಯ ವಂಶದ ಮೂಲಸ್ಥಾನವಿದು. 1672ರಿಂದ 1697ರ ವರೆಗೆ ಆಳಿದ ಆಕೆಯ ಕಥೆಯನ್ನು ಮಕ್ಕಳಿಗೆ ಅಲ್ಲಿಯೇ ಕಂಬದ ಬುಡದಲ್ಲಿ ಕುಳಿತು ಹೇಳಿದೆನು.

ದಾರಿಯಲ್ಲಿ ದೀವರ ಸಮಾಜದ ಒಂದು ಮನೆಗೆ ಪರಿಚಿತರು ಕರೆದೊಯ್ದರು. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳುಪಿನಿಂದ ಬರೆದ ಹಸೆ ಚಿತ್ತಾರವಿದ್ದಿತು. ಸುಟ್ಟ ಅಕ್ಕಿಯಿಂದ ಕಪ್ಪು, ಗುರಿಗೆ ಕಾಯಿಯಿಂದ ಹಳದಿ, ಪುಂಡಿಯ ನಾರೇ ಕುಂಚ. ಮದುವೆಯ ಮನೆಯಲ್ಲಿ ವಧೂವರರು ಕುಳಿತುಕೊಳ್ಳುವ ಹಸೆಯ ಗೋಡೆಗೆ ಇದನ್ನು ಬರೆಯುವರು. ಭೂಮಿ ಹುಣ್ಣಿಮೆಯಲ್ಲಿ ಇದೇ ಕೈಗಳು ಭೂಮಣ್ಣಿ ಬುಟ್ಟಿಯ ಮೇಲೆ ಚಿತ್ತಾರ ತೆಗೆಯುವುವು; ಆ ಬುಟ್ಟಿಯಲ್ಲಿ ಅಡಿಗೆಯನ್ನಿಟ್ಟುಕೊಂಡು ಹೋಗಿ ಗದ್ದೆಗೆ ಚರಗವನ್ನು ಚೆಲ್ಲುವರು. ಬಯಕೆಯ ಬಸುರಿಗೆ ಉಣಿಸುವಂತೆ ಪೈರು ಹೊತ್ತ ಭೂಮಿತಾಯಿಗೆ ಉಣಿಸುವ ಹಬ್ಬವದು. ಆ ಮನೆಯ ಗೃಹಿಣಿಯು ಪುಸ್ತಕದ ಚಿತ್ರವನ್ನು ನೋಡಿ, "ಚೆಂದ ಬಂದಿದೆ. ಆದರೆ ಬರೆಯುವಾಗ ಹಾಡುತ್ತೇವೆ ನೋಡಿ, ಆ ಹಾಡು ಇದರಲ್ಲಿ ಬರುವುದಿಲ್ಲವಲ್ಲ" ಎಂದು ನಕ್ಕಳು.

ಮಧ್ಯಾಹ್ನ ಜೋಗವನ್ನು ಮುಟ್ಟಿದೆವು. ಪುಸ್ತಕದಲ್ಲಿ ಮಳೆಗಾಲದ ಜೋಗವು ನಾಲ್ಕು ಧಾರೆಗಳೂ ಒಂದಾಗುವಂತೆ ಭೋರ್ಗರೆಯುತ್ತಿದ್ದಿತು. ನಮ್ಮೆದುರಿಗೆ 253 ಮೀಟರು ಎತ್ತರದ ಬಂಡೆಯ ಮೇಲೆ ಸಣ್ಣ ಎಳೆಗಳು ಮಾತ್ರ ಜಾರುತ್ತಿದ್ದುವು. ಮಕ್ಕಳಿಗೆ ಬೇಸರವಾಯಿತು. "ನೀರೆಲ್ಲ ಎಲ್ಲಿ ಹೋಯಿತು?" ಎಂಬ ಪ್ರಶ್ನೆಗೆ ಉತ್ತರವನ್ನು ಹೇಳಬೇಕಾಯಿತು. ಮೇಲಿನ ಅಣೆಕಟ್ಟು ನೀರನ್ನು ಹಿಡಿದಿಟ್ಟುಕೊಳ್ಳುವುದು. ಅದು ಕೊಳವೆಗಳಲ್ಲಿ ಇಳಿದು ಯಂತ್ರಗಳನ್ನು ತಿರುಗಿಸುವುದು. ಜೋಗದ ಮೊದಲನೆಯ ವಿದ್ಯುದಾಗಾರವು 1948ರ ಸುಮಾರಿಗೆ ಕೆಲಸವನ್ನು ಆರಂಭಿಸಿತು. ಅದಕ್ಕೆ ನೀರೊದಗಿಸಲು ಹಿರೇಭಾಸ್ಕರದ ಹತ್ತಿರ ಮಡೆನೂರಿನಲ್ಲಿ ಒಂದು ಅಣೆಕಟ್ಟನ್ನು ಕಟ್ಟಿದ್ದರು. ಹೆಚ್ಚು ಶಕ್ತಿ ಬೇಕಾದಾಗ ಲಿಂಗನಮಕ್ಕಿಯ ದೊಡ್ಡ ಕಟ್ಟೆ ಎದ್ದಿತು. ಆಗ ಊರುಗಳ ಜೊತೆಗೆ ಮಡೆನೂರಿನ ಕಟ್ಟೆಯೂ ಮುಳುಗಿತು. ಮಳೆ ಸಾಲದ ವರ್ಷಗಳ ಬೇಸಗೆಯಲ್ಲಿ ಅದು ಇಂದಿಗೂ ನೀರಿನಿಂದ ಮೇಲಕ್ಕೇಳುವುದು. ಶರಾವತಿಯ ವಿದ್ಯುದಾಗಾರದ ಸಾಮರ್ಥ್ಯವು 1035 ಮೆಗಾವಾಟು. ಬಹುಕಾಲ ಕನ್ನಡನಾಡಿನ ದೀಪಗಳೂ ಕಾರ್ಖಾನೆಗಳೂ ಈ ನದಿಯನ್ನೇ ನಂಬಿದ್ದುವು. ಇದನ್ನು ಮರೆತು ಅಣೆಕಟ್ಟನ್ನು ಬರಿದೆ ಹಳಿಯುವುದು ನ್ಯಾಯವಲ್ಲ. ನಾವು ಆ ಪುಸ್ತಕವನ್ನು ನೋಡಿದುದೂ ವಿದ್ಯುದ್ದೀಪದ ಬೆಳಕಿನಲ್ಲಿಯೇ. ದೊಡ್ಡಮ್ಮನವರು ನನ್ನ ವಿವರಣೆಯನ್ನೆಲ್ಲ ಕೇಳಿ ಮೆಲ್ಲನೆ, "ಬೆಳಕು ಬಂದದ್ದು ನಿಜ ತಮ್ಮಾ. ಕಾಡಿನಲ್ಲಿ ಕೊಟ್ಟ ಹೊಸ ಜಾಗದಲ್ಲಿ ಮಾತ್ರ ನಾವು ಎಷ್ಟೋ ವರ್ಷ ಚಿಮಣಿ ಹಚ್ಚಿಕೊಂಡೇ ಇದ್ದೆವು" ಎಂದರು. ಅವರಂತೆ ನೆಲವನ್ನು ಬಿಟ್ಟು ಬಂದ ಅನೇಕ ಕುಟುಂಬಗಳಿಗೆ, ಉಳುವ ಭೂಮಿಯ ಹಕ್ಕುಪತ್ರದ ಚಿಂತೆಯು ಅರುವತ್ತು ವರ್ಷಗಳು ಕಳೆದರೂ ತೀರಿಲ್ಲ. ನಾ. ಡಿಸೋಜರವರು 'ಮುಳುಗಡೆ', 'ದ್ವೀಪ' ಎಂಬ ಕಾದಂಬರಿಗಳಲ್ಲಿ ಇವರ ಬಾಳನ್ನೇ ಬರೆದರು.

ಮರುದಿನ ಹಿನ್ನೀರಿನ ದಡಕ್ಕೆ ಹೋದೆವು. ಮೊದಲು ಇಲ್ಲಿಂದ ತುಮರಿಯ ಕಡೆಗೂ ಸಿಗಂದೂರಿಗೂ ಹೋಗಬೇಕಾದವರು ಹೊಳೆಬಾಗಿಲಿನಲ್ಲಿ ಲಾಂಚಿಗಾಗಿ ಕಾಯಬೇಕಾಗಿದ್ದಿತು. ರೋಗಿಯಾಗಲಿ ಬಸುರಿಯಾಗಲಿ ಲಾಂಚೇ ಗತಿ. ಕತ್ತಲಾದ ಮೇಲೆ ಅದೂ ಇಲ್ಲ. 2025ರ ಜುಲೈಯಲ್ಲಿ ಸುಮಾರು 2.4 ಕಿಲೋಮೀಟರು ಉದ್ದದ ಸೇತುವೆ ತೆರೆದು ಆ ಕಷ್ಟವು ನೀಗಿತು. ನೀರು ಬಂದುದು 1964ರಲ್ಲಿ. ನೀರಿನ ಮೇಲೆ ದಾರಿ ಬಂದುದು ಅರುವತ್ತೊಂದು ವರ್ಷಗಳ ಮೇಲೆ.

ನಾವು ಸೇತುವೆಯನ್ನು ದಾಟಿ ಆಚೆಯ ದಡದಲ್ಲಿ, ನೀರಿಗೆ ಸಮೀಪವಾದ ಒಂದು ಇಳಿಜಾರಿನಲ್ಲಿ ನಿಂತೆವು. ಕಟ್ಟೆ ತುಂಬಿದ್ದುದರಿಂದ ಬೊಡ್ಡೆಗಳ ತುದಿ ಮಾತ್ರ ಕಾಣುತ್ತಿದ್ದಿತು. "ನಿಮ್ಮ ಊರು ಎಲ್ಲಿತ್ತು ಅಜ್ಜೀ?" ಎಂದು ನನ್ನ ಮೊಮ್ಮಗಳು ಕೇಳಿದಳು. ದೊಡ್ಡಮ್ಮನವರು ಕೈಯೆತ್ತಿದರು, ಆದರೆ ಎಲ್ಲಿಗೆ ತೋರಿಸುವುದು? ನೀರಿನ ಮೇಲೆ ಗುರುತಿಲ್ಲ. ಎತ್ತಿದ ಕೈಯನ್ನು ಹಾಗೆಯೇ ಇಳಿಸಿಬಿಟ್ಟರು. ನಮ್ಮಲ್ಲಿ ಯಾರಿಗೂ ಮಾತು ಬರಲಿಲ್ಲ. ಇವರನ್ನು ಇಲ್ಲಿಗೆ ಕರೆತಂದು ತಪ್ಪು ಮಾಡಿದೆನೆಂದು ನನಗೆ ತೋರಿತು.

ಸ್ವಲ್ಪ ಹೊತ್ತಿನ ಮೇಲೆ ಅವರ ದೃಷ್ಟಿಯು ನೀರನ್ನು ಬಿಟ್ಟು ಮೇಲಕ್ಕೆ ಹೋಯಿತು. "ತಮ್ಮಾ, ಆ ಗುಡ್ಡ ನೋಡು. ಎತ್ತಿನ ಬೆನ್ನಿನ ಹಾಗೆ ಒಂದು ಕಡೆ ಏರಿ ಒಂದು ಕಡೆ ತಗ್ಗಿದೆಯಲ್ಲ, ಅದೇ. ನಮ್ಮ ಜಗುಲಿಯಲ್ಲಿ ಕುಳಿತರೆ ಎದುರಿಗೆ ಅದು ಹೀಗೆಯೇ ಕಾಣುತ್ತಿತ್ತು. ಹೊತ್ತು ಮುಳುಗುವುದು ಆ ತಗ್ಗಿನಲ್ಲಿಯೇ." ನಾನು ಕಾರಿನಿಂದ ಪುಸ್ತಕವನ್ನು ತರಿಸಿ ಜೋಡಿಪುಟವನ್ನು ತೆರೆದೆನು. 'ಹಿನ್ನೀರು, ಸಂಜೆ.' ದೂರದ ಸಾಲಿನಲ್ಲಿ ಅದೇ ಗುಡ್ಡ, ಅದೇ ಏರು, ಅದೇ ತಗ್ಗು! ನಾವು ಅಂದು ನಡುಮನೆಯಲ್ಲಿ ನೀರನ್ನು ನೋಡಿ ಹೊಗಳಿದ್ದೆವೇ ಹೊರತು ಗುಡ್ಡವನ್ನು ಯಾರೂ ಗಮನಿಸಿರಲಿಲ್ಲ.

ಆಮೇಲೆ ದೊಡ್ಡಮ್ಮನವರ ಬಾಯಿ ಬಿಚ್ಚಿತು. ಗುಡ್ಡದಿಂದ ಅಳತೆಯನ್ನು ಹಿಡಿದು, ಇಲ್ಲಿ ಹೊಳೆಗಿಳಿಯುವ ಸೋಪಾನ, ಇಲ್ಲಿ ಬಾಳೆಹಿತ್ತಿಲು, ಇಲ್ಲಿ ಅಪ್ಪೆಮಿಡಿಯ ಮಾವಿನ ಮರ, ಇಲ್ಲಿ ಚೌಡಿಯ ಬನ ಎಂದು ಒಂದೊಂದನ್ನೂ ನೀರಿನ ಮೇಲೆ ಇಟ್ಟುಕೊಂಡು ಹೋದರು. ಆ ಮರದ ಮಿಡಿಯನ್ನು ಉಪ್ಪಿನಕಾಯಿ ಹಾಕಿದರೆ ಎರಡು ವರ್ಷ ಗಟ್ಟಿಯಾಗಿರುತ್ತಿದ್ದಿತಂತೆ. ಊರು ಬಿಡುವ ದಿನ ಅವರ ಅತ್ತೆಯವರು ಒಲೆಯನ್ನು ಸಾರಿಸಿ, ರಂಗೋಲೆಯಿಟ್ಟು, ಬಾಗಿಲನ್ನು ಮುಚ್ಚದೆ ಹೊರಟರಂತೆ. "ನೀರಿಗೆ ಬಾಗಿಲು ಹಾಕಿ ಏನು ಪ್ರಯೋಜನ? ಬರಲಿ ಎಂದರು" ಎಂದು ಹೇಳಿ ದೊಡ್ಡಮ್ಮನವರು ಸೆರಗಿನಿಂದ ಕನ್ನಡಕವನ್ನೊರಸಿಕೊಂಡರು. ಮೊಮ್ಮಗಳು ನನ್ನ ಮುಖವನ್ನು ನೋಡಿದಳು. ಹಾಳೆಯನ್ನು ಮುಟ್ಟಬೇಡವೆಂದಿದ್ದ ನಾನೇ ಅಂಗಿಯ ಜೇಬಿನಿಂದ ಪೆನ್ಸಿಲನ್ನು ತೆಗೆದು ಅವಳ ಕೈಗೆ ಕೊಟ್ಟೆನು. ಆ ಚಿತ್ರದ ಅಂಚಿನಲ್ಲಿ ಈಗ ಊರಿನ ಹೆಸರು, ಗುಡ್ಡದ ಹೆಸರು, ಮಾವಿನ ಮರದ ಗುರುತು, ಅತ್ತೆಯವರು ರಂಗೋಲೆಯಿಟ್ಟ ಮಾತು ಎಲ್ಲವೂ ಎಂಟು ವರ್ಷದ ಹುಡುಗಿಯ ದುಂಡಕ್ಷರದಲ್ಲಿವೆ.

ಚಿತ್ರ ತೆಗೆದ ಮಹನೀಯರನ್ನು ನಾನು ದೂರುವುದಿಲ್ಲ. ಸಿಂಗಳೀಕವು ತಿರುಗಿ ನೋಡುವ ಒಂದು ಕ್ಷಣಕ್ಕಾಗಿ ಜಿಗಣೆಗಳ ನಡುವೆ ಎಷ್ಟು ದಿನ ಕಾದಿದ್ದರೋ! ಅವರ ಶ್ರಮವಿಲ್ಲದಿದ್ದರೆ ನಮ್ಮ ಪಯಣವೇ ನಡೆಯುತ್ತಿರಲಿಲ್ಲ. ಕ್ಯಾಮರಾ ಎದುರಿಗಿದ್ದುದನ್ನು ಹಿಡಿಯಬಲ್ಲದು. ಎದುರಿಗಿಲ್ಲದುದನ್ನು ಹೇಳಬೇಕಾದವರು ಮನೆಯ ಹಿರಿಯರು. ಈಚಿನ ವರ್ಷಗಳಲ್ಲಿ ಇದೇ ಕಣಿವೆಯಲ್ಲಿ, ಕೆಳಗಿನ ಜಲಾಶಯದ ನೀರನ್ನು ಮೇಲಕ್ಕೆತ್ತಿ, ಬೇಕಾದ ಹೊತ್ತಿನಲ್ಲಿ ಮತ್ತೆ ಇಳಿಸಿ ವಿದ್ಯುತ್ತನ್ನು ಪಡೆಯುವ 2000 ಮೆಗಾವಾಟಿನ ಯೋಜನೆಯ ವಿಷಯವಾಗಿ ವಾದವಿವಾದಗಳು ನಡೆದಿವೆ. ಅದರ ಲಾಭನಷ್ಟವನ್ನು ತೂಗುವವರು ಕಾಡಿನ ಚಿತ್ರಗಳನ್ನೂ ನೋಡಲಿ, ಹಿಂದೆ ಬಾಗಿಲು ಮುಚ್ಚದೆ ಬಂದವರ ಮಾತನ್ನೂ ಕೇಳಲಿ.

ವಾಚಕರ ಮನೆಗಳಲ್ಲಿಯೂ ಇಂತಹ ಚಿತ್ರಗ್ರಂಥಗಳು ಇರಬಹುದು. ಅವುಗಳನ್ನು ಗಾಜಿನ ಕಪಾಟಿನಲ್ಲಿ ಅಲಂಕಾರಕ್ಕಾಗಿ ಇಡದೆ, ಒಂದು ಸಂಜೆ ಹಿರಿಯರ ಮುಂದೆ ತೆರೆದಿಡಿರಿ. ಒಂದು ಪೆನ್ಸಿಲನ್ನೂ ಹತ್ತಿರ ಇಟ್ಟುಕೊಳ್ಳಿರಿ. ನಮ್ಮ ಪುಸ್ತಕದ ಅಂದವು ಸ್ವಲ್ಪ ಕೆಟ್ಟಿರುವುದು ನಿಜ. ಆದರೆ ಈಗ ದೊಡ್ಡಮ್ಮನವರು ದಿನಕ್ಕೊಮ್ಮೆಯಾದರೂ ಅದನ್ನು ತರಿಸಿಕೊಂಡು ಆ ಪುಟವನ್ನು ತೆಗೆಯುತ್ತಾರೆ. ಬರೆಯಲು ಇನ್ನೊಂದು ಮಾತು ಅವರಿಗೆ ನೆನಪಾಗಿರುತ್ತದೆ.