ಬಿಗಿಯ ಲೆಕ್ಕ

ಪಾಲ್ ಪೊಬೆರೆಝ್ನಿ ಮತ್ತು ಸಂಗಡಿಗರು 1953ರಲ್ಲಿ ಅಮೆರಿಕದ ಮಿಲ್ವಾಕಿಯಲ್ಲಿ ಎಕ್ಸ್‌ಪೆರಿಮೆಂಟಲ್ ಏರ್‌ಕ್ರಾಫ್ಟ್ ಅಸೋಸಿಯೇಷನ್ ಸ್ಥಾಪಿಸಿದ ಕಾಲಕ್ಕೆ, ಮನೆಯ ಗ್ಯಾರೇಜಿನಲ್ಲೇ ವಿಮಾನ ಕಟ್ಟುತ್ತಿದ್ದವರು ಇಂಧನ ಮತ್ತು ಬ್ರೇಕಿನ ಕೊಳವೆಗಳನ್ನು ಬಿಗಿಯುತ್ತಿದ್ದುದು ಮಣಿಕಟ್ಟಿನ ಅಂದಾಜಿನಿಂದ. ಸೋರಿದರೆ ಇನ್ನೊಂದು ಸುತ್ತು ತಿರುಗಿಸುವುದೇ ಅವರಲ್ಲಿ ಅನೇಕರಿಗೆ ಗೊತ್ತಿದ್ದ ಪರಿಹಾರವಾಗಿತ್ತು. ಅಮೆರಿಕದ ಭೂಸೇನೆ ಮತ್ತು ನೌಕಾಪಡೆ ಜಂಟಿಯಾಗಿ ಗೊತ್ತುಪಡಿಸಿದ್ದರಿಂದ ‘ಎಎನ್’ ಎಂದು ಹೆಸರಾದ ಫಿಟ್ಟಿಂಗಿನಲ್ಲಿ, ಕೊಳವೆಯ ತುದಿಯನ್ನು ತುತ್ತೂರಿಯ ಬಾಯಿಯಂತೆ 37 ಡಿಗ್ರಿಗೆ ಹಿಗ್ಗಿಸಿ (ಇದಕ್ಕೆ ಫ್ಲೇರ್ ಎನ್ನುತ್ತಾರೆ), ಅದೇ ಕೋನದ ಮೂತಿಯ ಮೇಲೆ ಕೂರಿಸಿ, ಹಿಂದಿನಿಂದ ನಟ್ಟಿನಿಂದ ಒತ್ತಲಾಗುತ್ತದೆ. ಇಲ್ಲಿ ಸೋರಿಕೆಯನ್ನು ತಡೆಯುವುದು ಲೋಹಕ್ಕೆ ಲೋಹ ಅಂಟಿ ಕೂರುವ ಆ ಇಳಿಜಾರೇ ಹೊರತು ನಟ್ಟಿನ ಥ್ರೆಡ್ ಅಲ್ಲ. ಕಾರು ರಿಪೇರಿಯ 45 ಡಿಗ್ರಿ ಉಪಕರಣದಿಂದ ಹಿಗ್ಗಿಸಿದ ಕೊಳವೆ ಆ ಮೂತಿಗೆ ಸರಿಯಾಗಿ ಹೊಂದುವುದಿಲ್ಲವಾದ್ದರಿಂದ, ಅದನ್ನು ಎಷ್ಟು ಬಿಗಿದರೂ ಮೆತ್ತನೆಯ ಅಲ್ಯೂಮಿನಿಯಂ ತೆಳುವಾಗುತ್ತ ಬಿರುಕಿಗೆ ಹತ್ತಿರವಾಗುತ್ತದೆಯೇ ವಿನಾ ಜಿನುಗುವುದು ನಿಲ್ಲುವುದಿಲ್ಲ.

ನಲ್ಲಿ ಕೆಲಸದವರ ಬಿಳಿ ಟೆಫ್ಲಾನ್ ಟೇಪು ಈ ಗ್ಯಾರೇಜುಗಳಿಗೂ ಬಂದಿತ್ತು. ಅದನ್ನು ಥ್ರೆಡ್ಡಿಗೆ ಸುತ್ತಿ ತಿರುಗಿಸಿದಾಗ ಅಂಚಿನಲ್ಲಿ ಕತ್ತರಿಸಿಹೋದ ಕೂದಲೆಳೆಯಂಥ ಚೂರು ಇಂಧನದೊಡನೆ ಹರಿದು ಕಾರ್ಬುರೇಟರಿನ ಸಣ್ಣ ರಂಧ್ರದಲ್ಲಿ ಸಿಕ್ಕಿಕೊಳ್ಳಬಹುದು ಎಂಬ ಅರಿವು ಹರಡಿದಂತೆ, ತುದಿಯತ್ತ ಕಿರಿದಾಗುವ ಪೈಪ್ ಥ್ರೆಡ್ಡುಗಳಿಗೆ ಮಾತ್ರ, ಅದೂ ಮೊದಲ ಒಂದೆರಡು ಸುತ್ತು ಬಿಟ್ಟು, ಸೀಲಂಟ್ ಪೇಸ್ಟ್ ಹಚ್ಚುವ ರೂಢಿ ನೆಲೆಗೊಂಡಿತು. ಫ್ಲೇರ್ ಜೋಡಣೆಗೆ ಅದೂ ನಿಷಿದ್ಧ. ಬ್ರೇಕಿನ ಕಡೆ ಇನ್ನೊಂದು ಗೊಂದಲವಿತ್ತು: ವಿಮಾನದ ಕೆಂಪು ಖನಿಜ ತೈಲಕ್ಕೆ ಹೊಂದುವ ನೈಟ್ರೈಲ್ ರಬ್ಬರ್ ಉಂಗುರಗಳು ಕಾರಿನ ಬ್ರೇಕ್ ದ್ರವದಲ್ಲಿ ಕೆಡುತ್ತವೆ ಎಂಬುದು ತಿಳಿಯದವರು ಆ ದೋಷವನ್ನೂ ನಟ್ಟಿನ ಮೇಲೇ ಹೊರಿಸುತ್ತಿದ್ದರು.

1970ರ ದಶಕದಿಂದ ಆರೆಗಾನಿನ ವ್ಯಾನ್ಸ್ ಏರ್‌ಕ್ರಾಫ್ಟಿನಂಥ ಸಂಸ್ಥೆಗಳ ಕಿಟ್ಟುಗಳು ಬಂದು, ಸ್ಪ್ಯಾನರ್ ಹಿಡಿದು ಅಭ್ಯಾಸವಿಲ್ಲದವರೂ ಈ ಹವ್ಯಾಸಕ್ಕೆ ಇಳಿದ ಮೇಲೆ, ಮಣಿಕಟ್ಟಿನ ಅಂದಾಜಿಗಿಂತ ಅಂಕಿಯ ಅಗತ್ಯ ಹೆಚ್ಚಾಯಿತು. ಅಮೆರಿಕದ ವಿಮಾನಯಾನ ಆಡಳಿತ 1998ರಲ್ಲಿ ಪ್ರಕಟಿಸಿದ ದುರಸ್ತಿ ಕೈಪಿಡಿಯ ಕೋಷ್ಟಕದಲ್ಲಿ 3/8 ಇಂಚಿನ ಅಲ್ಯೂಮಿನಿಯಂ ಕೊಳವೆಯ ನಟ್ಟಿಗೆ 75ರಿಂದ 125 ಇಂಚು-ಪೌಂಡ್, ಅಂದರೆ ಸುಮಾರು 8.5ರಿಂದ 14 ನ್ಯೂಟನ್-ಮೀಟರ್, ತಿರುಚುಬಲ ಸಾಕೆಂದಿದೆ. ಅದೇ ಅಳತೆಯ ಉಕ್ಕಿನ ಕೊಳವೆಗೆ 270ರಿಂದ 300 ಇಂಚು-ಪೌಂಡ್ ಬೇಕು. ಹಳಬರ ‘ಗಟ್ಟಿ ಬಿಗಿ’ ಎಷ್ಟು ಅತಿಯಾಗಿತ್ತೆಂಬುದು ಅನೇಕರಿಗೆ ಟಾರ್ಕ್ ವ್ರೆಂಚ್ ಕೈಗೆ ಬಂದ ಮೇಲೆಯೇ ತಿಳಿದದ್ದು. ಬಿಗಿದ ನಟ್ಟಿನಿಂದ ಪಕ್ಕದ ಲೋಹದವರೆಗೆ ಬಣ್ಣದ ಮೆರುಗೆಣ್ಣೆಯ ಒಂದು ಗೀಟು ಎಳೆಯುವ ಪದ್ಧತಿಯೂ ಸಾಮಾನ್ಯವಾಯಿತು. ನಟ್ಟು ಕೊಂಚ ಸರಿದರೂ ಗೀಟು ಒಡೆದು ಕಾಣುತ್ತದೆ.

ಈಗ ಉಕ್ಕಿನ ಹೆಣಿಗೆ ಹೊದ್ದ ಸಿದ್ಧ ಹೋಸುಗಳು ಸಿಗುವುದರಿಂದ ಫ್ಲೇರ್ ಮಾಡುವ ಕೆಲಸವೇ ಕಡಿಮೆಯಾಗಿದೆ. ಥ್ರೆಡ್ಡಿನಿಂದ ಹೊರದೂಡಿಸಿಕೊಂಡ ಟೆಫ್ಲಾನ್ ಇಂಥ ಹೋಸಿನ ಒಳಪದರವಾಗಿ ಮರಳಿರುವುದು ಒಂದು ತಮಾಷೆಯೇ. ಪೈಪ್ ಥ್ರೆಡ್ಡಿನ ಮೊಣಕೈ ಫಿಟ್ಟಿಂಗಿಗೆ ಮಾತ್ರ ಕೋಷ್ಟಕ ಅಷ್ಟಾಗಿ ನೆರವಾಗದು. ಅದು ಬಿಗಿಯಾಗಿರಬೇಕು, ಜೊತೆಗೆ ಕೊಳವೆ ಬರುವ ದಿಕ್ಕಿಗೇ ಮುಖ ಮಾಡಿರಬೇಕು. ಆದ್ದರಿಂದ ಬೆರಳಿನಿಂದ ತಿರುಗಿಸುವಷ್ಟು ತಿರುಗಿಸಿದ ಮೇಲೆ ಸ್ಪ್ಯಾನರಿನಿಂದ ಒಂದೂವರೆಯಿಂದ ಎರಡು ಸುತ್ತಿನೊಳಗೆ ದಿಕ್ಕು ಕೂಡಿಸುವುದು ರೂಢಿ, ಅದನ್ನು ಮೀರಿ ಕಾಲು ಸುತ್ತು ಕದಿಯಲು ಹೋದರೆ ಎರಕದ ಬ್ರೇಕ್ ಸಿಲಿಂಡರೇ ಸೀಳಬಹುದು.