ಬಣ್ಣ ಒಣಗುವಷ್ಟು ಹೊತ್ತು

ಮೆಟ್ಟಿಲು ಇನ್ನೂ ಬೆಚ್ಚಗಿದೆ. ಇಡೀ ದಿನ ಬಿಸಿಲು ಕುಡಿದ ಕೆಂಪು ಕಲ್ಲು. ಕೂತರೆ ಸೀರೆ ದಾಟಿ ಕಾವು ತಾಕುತ್ತದೆ. ಡಿಸೆಂಬರ್ ತಿಂಗಳ ಸಂಜೆ, ನಾಲ್ಕೂವರೆ ಗಂಟೆ. ಬಾದಾಮಿಯ ಅಗಸ್ತ್ಯತೀರ್ಥದ ಪಡುವಣ ದಂಡೆ. ಎದುರಿಗೆ, ನೀರಿನ ಆಚೆ ತುದಿಯಲ್ಲಿ ಭೂತನಾಥ ಗುಡಿ ಹೊಂಡದೊಳಗೆ ಕಾಲಿಳಿಬಿಟ್ಟು ಕೂತಂತಿದೆ. ಅದರ ಬೆನ್ನಿಗೆ ಬಂಡೆ. ನಮ್ಮ ಬೆನ್ನ ಹಿಂದಿನ ಸೂರ್ಯ ಇಳಿಯುತ್ತ ಇಳಿಯುತ್ತ ಆ ಬಂಡೆಯನ್ನೆಲ್ಲ ಬೆಳಗುತ್ತಿದ್ದಾನೆ. ಇನ್ನೊಂದು ತಾಸು ಬೆಳಕಿದೆ. ಒಂದು ಚಿತ್ರಕ್ಕೆ ಸಾಕು.

ಚೀಲದಿಂದ ಸಾಮಾನು ತೆಗೆಯುತ್ತೇನೆ. ಶಾಲೆಯ ಹುಡುಗರು ಒಯ್ಯುವಂಥ ತಗಡಿನ ಕಂಪಾಸ್ ಪೆಟ್ಟಿಗೆ. ಅದರೊಳಗೆ ಬಾಟಲಿ ಮುಚ್ಚಳಗಳನ್ನು ಅಂಟಿಸಿ ಏಳು ಬಣ್ಣ ತುಂಬಿದ್ದೇನೆ. ಎಂಟನೇ ನಂಬರಿನ ಒಂದು ದುಂಡು ಕುಂಚ, ಮೂರನೇ ನಂಬರಿನದು ಇನ್ನೊಂದು. ಔಷಧಿ ಕುಡಿಯುವ ಪುಟ್ಟ ಸ್ಟೀಲ್ ಲೋಟ. ಹಳೇ ಧೋತರದ ತುಂಡು. 300 ಜಿಎಸ್ಎಂ ದಪ್ಪದ ಕಾಗದವನ್ನು ಅಂಗೈಯಗಲ ಕತ್ತರಿಸಿ, ರಟ್ಟಿಗೆ ನಾಲ್ಕೂ ಬದಿ ಟೇಪು ಹಚ್ಚಿಕೊಂಡೇ ಬಂದಿದ್ದೇನೆ. ಇಷ್ಟೇ. ಇದಕ್ಕಿಂತ ಒಂದು ಸಾಮಾನು ಹೆಚ್ಚಾದರೂ ಹೊತ್ತು ತರುವುದು ಬೇಡ ಅನಿಸುತ್ತದೆ, ಬೇಡ ಅನಿಸಿದ ಮೇಲೆ ಚಿತ್ರವೂ ಆಗುವುದಿಲ್ಲ.

ಪೆನ್ಸಿಲ್ಲಿಗೆ ಐದು ನಿಮಿಷ. ದಂಡೆಯ ಗೆರೆ, ಗುಡಿಯ ಶಿಖರ, ಬಂಡೆಯ ಅಂಚು. ಆಮೇಲೆ ಬರೀ ನೀರು. ದೊಡ್ಡ ಕುಂಚದಿಂದ ಆಕಾಶದ ಜಾಗವನ್ನೆಲ್ಲ ಒದ್ದೆ ಮಾಡಿ, ಒಂದು ಬದಿಗೆ ನೀಲಿ ಮುಟ್ಟಿಸುತ್ತೇನೆ. ಮುಟ್ಟಿಸಿದ್ದಷ್ಟೇ ನನ್ನ ಕೆಲಸ. ನೀಲಿ ತಾನೇ ಸರಿದು, ಒದ್ದೆ ಇದ್ದಲ್ಲಿಗೆಲ್ಲ ಹಬ್ಬಿ, ಒಣಗಿದ ಗೆರೆ ಬಂದ ಕೂಡಲೇ ನಿಲ್ಲುತ್ತದೆ. ಬಂಡೆಗೆ ಯಲ್ಲೋ ಆಕರ್, ಅದು ಹಸಿ ಇರುವಾಗಲೇ ಬರ್ನ್ಟ್ ಸಿಯೆನ್ನಾ. ಗುಡಿಯನ್ನು ಮುಟ್ಟುವುದಿಲ್ಲ. ಜಲವರ್ಣದಲ್ಲಿ ಬೆಳಕು ಅಂದರೆ ಕಾಗದವೇ, ಬಿಟ್ಟದ್ದೇ ಬೆಳಕು. ಮೊದಲ ವಾಷ್ ಮುಗಿಯಿತು. ಇನ್ನು ಇದು ಒಣಗಬೇಕು, ಅಲ್ಲಿಯವರೆಗೆ ಕೈ ಹಚ್ಚುವಂತಿಲ್ಲ.

ಈ ಕಾಯುವ ಹೊತ್ತಿಗಾಗಿಯೇ ಚೀಲದ ಇನ್ನೊಂದು ಖಾನೆಯಲ್ಲಿ ಕಸೂತಿ ಇದೆ. ಅಕ್ಕನ ಮಗಳ ಕುಬಸದ ತೋಳು, ಕರಿ ಬಟ್ಟೆ, ಕೆಂಪು ದಾರ. ತೋಳಿನ ಅಂಚಿಗೆ ಸಾಲಾಗಿ ಗೋಪುರ. ಸೂಜಿಯನ್ನು ಬಟ್ಟೆಗೆ ಸಿಕ್ಕಿಸಿಯೇ ಇಟ್ಟಿರುತ್ತೇನೆ, ತೆಗೆದರೆ ಸಾಕು, ಬಿಟ್ಟಲ್ಲಿಂದ ಮುಂದೆ.

ಹತ್ತಿರ ಬನ್ನಿ, ಬಟ್ಟೆಯ ನೇಯ್ಗೆ ಕಾಣುವಷ್ಟು ಹತ್ತಿರ. ಕಸೂತಿಗೆ ಮೊದಲೇ ಗೆರೆ ಬರೆದುಕೊಳ್ಳುವ ಪದ್ಧತಿ ಇಲ್ಲ. ಹಾಸು ಹೊಕ್ಕಿನ ಎಳೆಗಳೇ ಚೌಕುಳಿ ಹಾಳೆ. ನಾಲ್ಕು ಎಳೆ ಎಣಿಸಿ ಸೂಜಿ ಕೆಳಗೆ, ನಾಲ್ಕು ಎಳೆ ಬಿಟ್ಟು ಮೇಲೆ. ಹೀಗೆ ಗೋಪುರದ ಒಂದು ಕಾಲಿನಿಂದ ಹೊರಟು, ಶಿಖರ ಹತ್ತಿ, ಇಳಿದು, ಇನ್ನೊಂದು ಕಾಲಿಗೆ ಬಂದಾಗ ಚಿತ್ರ ಅರ್ಧ ಮಾತ್ರ ಕಾಣುತ್ತದೆ, ಗೆರೆ ತುಂಡು ತುಂಡು. ಈಗ ಅದೇ ದಾರಿಯಲ್ಲಿ ಹಿಂದಿರುಗಬೇಕು. ಹೋಗುವಾಗ ಬಿಟ್ಟ ಖಾಲಿಯನ್ನು ಬರುವಾಗ ತುಂಬಬೇಕು. ಹೊರಟಲ್ಲಿಗೆ ಮುಟ್ಟಿದಾಗ ಗೆರೆ ಕೂಡಿಕೊಳ್ಳುತ್ತದೆ, ಬಟ್ಟೆಯ ಎರಡೂ ಮೈ ಒಂದೇ ಆಗುತ್ತದೆ. ಎಲ್ಲಿಯೂ ಗಂಟಿಲ್ಲ. ಇದು ಗವಂತಿ. ಮೆಟ್ಟಿಲು ಮೆಟ್ಟಿಲಾಗಿ ಏರುವುದು ಮುರಗಿ, ನೇಯ್ದಂತೆ ಕಾಣುವುದು ನೇಯ್ಗೆ, ಮೆಂತೆ ಕಾಳಿನ ಹಾಗೆ ಅಡ್ಡ ಅಡ್ಡ ಕೂರುವುದು ಮೆಂತಿ. ನನ್ನ ಕೈಗೆ ಒಲಿದದ್ದು ಗವಂತಿಯೇ.

ಇವತ್ತು ಬೆಳಿಗ್ಗೆ ಹುಬ್ಬಳ್ಳಿಯಿಂದ ಬರುವ ರೈಲಿನಲ್ಲಿಯೂ ಇದೇ ತೋಳು ತೊಡೆಯ ಮೇಲಿತ್ತು. ಗದಗ ದಾಟಿದ ಮೇಲೆ ಕಿಟಕಿಯ ಎರಡೂ ಬದಿ ಎರೆಹೊಲ, ಬಿಳಿಜೋಳ ಎದೆಮಟ್ಟ ನಿಂತಿತ್ತು. ಓಡುವ ರೈಲಿನಲ್ಲಿ ಬಣ್ಣ ಹಚ್ಚಲು ನಾನು ಹೋಗುವುದಿಲ್ಲ. ನಿಲ್ದಾಣಗಳಲ್ಲಿ ನಿಂತಷ್ಟು ಹೊತ್ತು ಪುಟ್ಟ ನೋಟುಪುಸ್ತಕದಲ್ಲಿ ಬಾಲ್ ಪೆನ್ನಿನ ಗೆರೆ. ಹೊರಟ ಮೇಲೆ ಸೂಜಿ. ಗೆರೆಯ ಆಸೆ ಹಚ್ಚಿದ್ದು ಕೆ.ಕೆ. ಹೆಬ್ಬಾರರ ರೇಖಾಚಿತ್ರಗಳು. ಎಷ್ಟು ಕಡಿಮೆ ಗೆರೆಯಲ್ಲಿ ಒಬ್ಬ ಮನುಷ್ಯ ಕುಣಿಯಬಲ್ಲ ಎಂದು ಅವನ್ನು ನೋಡಿಯೇ ತಿಳಿದದ್ದು. ನಿದ್ದೆಗೆ ಬಿದ್ದವರ ಕತ್ತು ವಾಲುವ ರೀತಿ, ಗಂಟನ್ನು ಹಿಡಿದುಕೊಂಡ ಬೆರಳು, ಕಿಟಕಿ ಸರಳಿಗೆ ಒರಗಿದ ಕೂಸು: ರೈಲಿನಷ್ಟು ಮಾದರಿಗಳು ಬೇರೆಲ್ಲಿ ಸಿಗುತ್ತವೆ?

ಹೊಳೆಆಲೂರು ಬರುವ ಹೊತ್ತಿಗೆ ಎದುರು ಕೂತಿದ್ದ ಅಜ್ಜಿ ಮುಂದಕ್ಕೆ ಬಾಗಿದಳು. ಗುಳೇದಗುಡ್ಡದವಳು, ಖಣ ನೇಯುವ ಮನೆ.

‘ಗವಂತಿ ಹಾಕಾಕತ್ತೀಯೇನವ್ವ?’

‘ಹೌದ್ರಿ ಆಯಿ.’

‘ಕೊಡಿಲ್ಲೆ, ನೋಡೂಣು.’

ಕೊಟ್ಟೆ. ಆಕೆ ಗೋಪುರ ನೋಡಲೇ ಇಲ್ಲ. ಬಟ್ಟೆ ತಿರುವಿ ಹಿಂಬದಿ ನೋಡಿದಳು. ಕಸೂತಿ ಬಲ್ಲವರೆಲ್ಲ ಹೀಗೆಯೇ, ಮೊದಲು ನೋಡುವುದು ಬೆನ್ನು. ಉಗುರಿನಿಂದ ಎಳೆ ತಡವುತ್ತ ಹೋಗಿ ಮೂರನೇ ಗೋಪುರದ ಸೊಂಟದಲ್ಲಿ ನಿಂತಳು.

‘ಇಲ್ಲಿ ಐದ ಎಳಿ ತಗೊಂಡೀ ನೋಡು. ಅದಕ್ಕ ಮ್ಯಾಲಿಂದೆಲ್ಲಾ ಒಂದ ಬಾಜು ಸರದೈತಿ.’

ನನ್ನ ಕಣ್ಣಿಗೆ ಅದು ಬಿದ್ದಿರಲಿಲ್ಲ. ಆಕೆ ತೋರಿಸಿದ ಮೇಲೆ ಬೇರೇನೂ ಕಾಣಲಿಲ್ಲ. ಬಟ್ಟೆ ಮಡಿಚಿ ನನ್ನ ಕೈಗಿಡುತ್ತ, ‘ಬಿಚ್ಚೂದ, ಬಿಡೂದ ನಿನ್ನ ಕಡೆ ಐತಿ. ಉಳಿದದ್ದು ಛಂದ ಬಂದೈತಿ’ ಅಂದಳು. ಬಾದಾಮಿಯಲ್ಲಿ ನಾನಿಳಿದೆ. ಯಾರ ಕಣ್ಣಿಗೂ ಬೀಳುವುದಿಲ್ಲ, ತೋಳಿನ ಒಳಬದಿಗೆ ಬರುವ ಗೋಪುರ ಅದು, ಇರಲಿ ಎಂದುಕೊಂಡೇ ಆಟೋ ಹತ್ತಿದೆ.

ಕಾಗದ ಒಣಗಿತೇ? ಮುಂಗೈಯನ್ನು ಮೆಲ್ಲಗೆ ತಾಗಿಸುತ್ತೇನೆ. ತಣ್ಣಗಿದ್ದರೆ ಒಳಗಿನ್ನೂ ಹಸಿ. ತಣ್ಣಗಿಲ್ಲ. ಬಾದಾಮಿಯ ಒಣ ಗಾಳಿಗೆ ಹತ್ತೇ ನಿಮಿಷ.

ನಮ್ಮ ಧಾರವಾಡದಲ್ಲಿ ಜುಲೈ ತಿಂಗಳಲ್ಲಿ ಕೂತರೆ ಇದೇ ವಾಷ್ ಒಂದು ತಾಸಾದರೂ ಒಣಗುವುದಿಲ್ಲ. ಹೊರಗೆ ಜಿಟಿಜಿಟಿ ಮಳೆ, ಒಳಗೆ ಉಪ್ಪಿನ ಡಬ್ಬಿಯೂ ಒದ್ದೆ. ಅಡುಗೆಮನೆಯ ಕಿಟಕಿಯ ಕೆಳಗೆ ಒಂದು ಹಲಗೆ ಹೊಡೆಸಿಕೊಂಡಿದ್ದೇನೆ, ಮಿಕ್ಸರಿನ ಪಕ್ಕ. ಬಣ್ಣದ ಪೆಟ್ಟಿಗೆ ಅಲ್ಲಿ ಸದಾ ತೆರೆದೇ ಇರುತ್ತದೆ. ಕಪಾಟಿನೊಳಗೆ ಇಟ್ಟ ಬಣ್ಣಕ್ಕೂ ನನಗೂ ನಡುವೆ ಬಾಗಿಲೊಂದು ಬರುತ್ತದೆ; ಆ ಬಾಗಿಲು ತೆರೆಯಲು ಪುರಸೊತ್ತು ಸಿಗುವುದೇ ಇಲ್ಲ. ತೆರೆದಿಟ್ಟರೆ ಕುಕ್ಕರ್ ಮೂರು ಸೀಟಿ ಹೊಡೆಯುವಷ್ಟರಲ್ಲಿ ಒಂದು ಬದನೆಕಾಯಿ ಮೂಡುತ್ತದೆ. ಮಳೆಗಾಲದಲ್ಲಿ ಒಲೆ ಆರಿಸಿದ ಮೇಲೆ ಉಳಿದ ಕಾವಿಗೆ ಕಾಗದ ಹಿಡಿದು ಒಣಗಿಸುತ್ತೇನೆ. ಇಲ್ಲವೇ ಒಣಗಲು ಬಿಡದೆ, ಮಂಜನ್ನೇ ಬರೆಯುತ್ತೇನೆ. ಕೆ. ವೆಂಕಟಪ್ಪನವರ ಊಟಿಯ ಜಲವರ್ಣಗಳನ್ನು ಬೆಂಗಳೂರಿನ ಅವರ ಹೆಸರಿನ ಗ್ಯಾಲರಿಯಲ್ಲಿ ನೋಡಿದ ದಿನದಿಂದ ಒದ್ದೆ ಆಕಾಶದ ಮೇಲೆ ನನಗೆ ಪ್ರೀತಿ. ಮೈಸೂರು ಅರಮನೆಯ ಚಿತ್ರಗಾರರ ಮನೆತನದಲ್ಲಿ ಹುಟ್ಟಿ, ಕಲ್ಕತ್ತಕ್ಕೆ ಹೋಗಿ ಅವನೀಂದ್ರನಾಥ ಟ್ಯಾಗೋರರ ಬಳಿ ಕಲಿತು ಬಂದವರು ಬೆಟ್ಟದ ಮೋಡದೆದುರು ಕೂತು ಎಷ್ಟು ತಾಳ್ಮೆಯಿಂದ ನೋಡಿದ್ದರು! ಆ ಚಿತ್ರಗಳ ಮುಂದೆ ನಿಂತವರಿಗೆ ಚಳಿಯಾಗುತ್ತದೆ.

ಆ ಹಲಗೆ ನಾಲ್ಕು ವರ್ಷ ಖಾಲಿ ಇತ್ತು. ಅವ್ವ ಹಾಸಿಗೆ ಹಿಡಿದ ವರ್ಷಗಳು. ಕುಂಚ ಹಿಡಿಯಲು ಸಮಯ ಇರಲಿಲ್ಲ ಅಂದರೆ ಸುಳ್ಳಾಗುತ್ತದೆ, ರಾತ್ರಿಯೆಲ್ಲ ಎಚ್ಚರವಿರುತ್ತಿದ್ದೆ. ಮನಸ್ಸು ಇರಲಿಲ್ಲ. ಅವ್ವ ಹೋದ ಮೇಲೆ ಒಂದು ದಿನ ಔಷಧಿ ಬಾಟಲಿಗಳನ್ನು ಎಸೆಯಲು ಕಪಾಟು ತೆಗೆದರೆ ಮೂಲೆಯಲ್ಲಿ ಬಣ್ಣದ ಟ್ಯೂಬುಗಳು. ಒತ್ತಿದರೆ ಒಂದೂ ಬಗ್ಗಲಿಲ್ಲ, ಒಳಗೆಲ್ಲ ಕಲ್ಲು. ಎಸೆಯಲು ಕೈ ಬರದೆ ಬ್ಲೇಡಿನಿಂದ ಒಂದನ್ನು ಸೀಳಿದೆ. ಒಣ ಮಣ್ಣಿನ ಹೆಂಟೆಯಂಥ ನೀಲಿ. ಅದರ ಮೇಲೆ ಬೆರಳಿನಿಂದ ಎರಡು ಹನಿ ನೀರು ಬಿಟ್ಟು, ಚಹಾ ಕುದಿಸಲು ಎದ್ದೆ. ಬಂದು ನೋಡಿದರೆ ಹೆಂಟೆಯ ಸುತ್ತ ಅಂಗೈಯಗಲ ನೀಲಿ ಹರಿದಿದೆ. ಜಲವರ್ಣದಲ್ಲಿ ಬಣ್ಣದ ಪುಡಿಯನ್ನು ಹಿಡಿದಿಡುವುದು ಅರೇಬಿಕ್ ಗೋಂದು. ಅದು ಎಷ್ಟು ವರ್ಷ ಒಣಗಿ ಕೂತಿದ್ದರೂ ನೀರು ಬಿದ್ದರೆ ಕರಗುತ್ತದೆ. ಅವತ್ತು ಕೂತು ಏಳು ಟ್ಯೂಬನ್ನೂ ಸೀಳಿದೆ, ತುಣುಕುಗಳನ್ನು ನೀರಿನಲ್ಲಿ ನಾದಿ ಅವ್ವನ ಔಷಧಿ ಬಾಟಲಿಗಳ ಮುಚ್ಚಳಗಳಿಗೆ ತುಂಬಿದೆ. ಈ ಪೆಟ್ಟಿಗೆಯಲ್ಲಿರುವ ಮುಚ್ಚಳಗಳು ಅವೇ. ಲೋಟವೂ ಆಕೆಯದೇ.

‘ಅಕ್ಕಾರ, ಏನ್ ಚಿತ್ರಾ ತಗ್ಯಾಕತ್ತೀರಿ?’

ಶಾಲೆ ಬಿಟ್ಟಿದೆ. ಇಬ್ಬರು ಹುಡುಗರು, ಒಬ್ಬಳು ಹುಡುಗಿ. ಹುಡುಗಿಯ ಸಮವಸ್ತ್ರದ ಲಂಗದ ಅಂಚು ಒದ್ದೆಯಾಗಿದೆ, ನೀರಿಗಿಳಿದು ಬಂದಿದ್ದಾಳೆ.

‘ಭೂತನಾಥನ ಗುಡಿ.’

‘ಗುಡಿ ಬಿಳೇದ ಐತೇನ್ರಿ? ಕೆಂಪ ಐತಲ್ರಿ!’

‘ತಡಿಯವ್ವ, ಇನ್ನ ಮುಗದಿಲ್ಲ.’

ಹುಡುಗಿ ಸುಮ್ಮನೆ ನನ್ನ ಪಕ್ಕ ಕುಕ್ಕರುಗಾಲಿನಲ್ಲಿ ಕೂರುತ್ತಾಳೆ. ಹುಡುಗರು ಮಂಗಗಳ ಬೆನ್ನು ಹತ್ತಿ ಹೋಗುತ್ತಾರೆ. ಈಗ ನೆರಳಿನ ಹೊತ್ತು. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ ಕೂಡಿಸಿದರೆ ಜೀವ ಇರುವ ಬೂದು ಬರುತ್ತದೆ. ಪೆಟ್ಟಿಗೆಯಲ್ಲಿ ಕಪ್ಪು ಇಟ್ಟುಕೊಳ್ಳದಿರುವುದು ಅದಕ್ಕೇ. ಬಂಡೆಯ ಸೀಳುಗಳಿಗೆ ಆ ಬೂದನ್ನು ಇಳಿಬಿಡುತ್ತೇನೆ. ಮಧ್ಯಾಹ್ನ ಇಂಥವೇ ಸೀಳುಗಳನ್ನು ಹತ್ತಿರದಿಂದ ನೋಡಿದ್ದೆ. ಇಲ್ಲಿನ ಗುಹಾಲಯಗಳಲ್ಲಿ ಮೂರನೆಯದಕ್ಕೆ ಹತ್ತಿ ಹೋಗಿದ್ದೆ. ಚಾಲುಕ್ಯರ ಮಂಗಲೇಶ 578ರಲ್ಲಿ ವಿಷ್ಣುವಿಗೆಂದು ಕಡೆಸಿದ್ದು ಎಂದು ಅಲ್ಲಿನ ಶಾಸನವೇ ಹೇಳುವ ಗುಹೆ. ಚಾವಣಿಯ ಅಂಚಿನ ಕೆಳಗೆ ಕತ್ತೆತ್ತಿ ನಿಂತರೆ ಕಲ್ಲಿನ ಮೇಲೆ ಹಳೆಯ ಬಣ್ಣದ ಕುರುಹು, ಮಾಸಿದ ಹಸಿರೋ ಕೆಂಪೋ. ಒಂದು ಕಾಲಕ್ಕೆ ಅಲ್ಲಿ ಭಿತ್ತಿಚಿತ್ರಗಳಿದ್ದವು. ಕಲ್ಲನ್ನೇ ಕೊರೆದು ಮನೆ ಮಾಡಿದವರಿಗೂ ಬಣ್ಣ ಹಚ್ಚದೆ ಇರಲಾಗಲಿಲ್ಲ. ಕಂಬದ ಮೈಮೇಲಿನ ದುಂಡು ಪದಕವೊಂದನ್ನು ಚೌಕುಳಿ ಹಾಳೆಗೆ ಇಳಿಸಿಕೊಂಡೆ; ಮುಂದೊಂದು ದಿನ ಬಟ್ಟೆಗೆ ಬರಬಹುದು. ದುಂಡನ್ನು ಗವಂತಿಗೆ ಒಗ್ಗಿಸುವುದು ಸುಲಭವಲ್ಲ, ಎಳೆಗಳಿಗೆ ನೇರ ನಡೆಯಲಷ್ಟೇ ಗೊತ್ತು. ಮೆಟ್ಟಿಲು ಮೆಟ್ಟಿಲಾಗಿ ಬಳಸಿಕೊಂಡು ಹೋಗಬೇಕು.

ಗುಡಿಗೆ ಬಣ್ಣ. ತೀರ ತೆಳು ಆಕರ್, ಬಿಸಿಲು ಬಿದ್ದ ಮೈಗೆ ಮಾತ್ರ. ಕುಂಚ ತುಂಬ ನೀರಿದೆ, ಇನ್ನೂ ಸ್ವಲ್ಪ ಒರೆಸಬೇಕಿತ್ತು. ಹೊಳೆಯುವಷ್ಟರಲ್ಲಿ ತಡವಾಯಿತು. ಶಿಖರದಿಂದ ಒಂದು ಹನಿ ಜಾರಿ, ಅರ್ಧ ಒಣಗಿದ ಬಂಡೆಯೊಳಗೆ ನುಗ್ಗಿ, ಹೂಕೋಸಿನಂತೆ ಅಂಚು ಕಟ್ಟುತ್ತ ಹರಡಿತು. ಧೋತರದ ತುಂಡಿಗೆ ಕೈ ಹೋಯಿತು, ಮತ್ತೆ ಹಿಂದೆ ಬಂತು. ಈಗ ಒರೆಸಿದರೆ ಕೆಸರಾಗುತ್ತದೆ. ಇಲ್ಲಿ ಬಿಚ್ಚುವುದಿಲ್ಲ, ಆದದ್ದು ಆಯಿತು.

‘ಅಯ್ಯ, ಗಿಡಾ ಆತ್ ನೋಡ್ರಿ!’ ಹುಡುಗಿ ಬೆರಳು ಚಾಚುತ್ತಾಳೆ.

ನಿಜ. ಗುಡಿಯ ಹಿಂದೆ, ಬಂಡೆಯ ಬುಡದಲ್ಲಿ, ಒಂದು ಪೊದೆ ಎದ್ದು ನಿಂತಿದೆ. ಕತ್ತೆತ್ತಿ ಎದುರು ನೋಡಿದರೆ ಅಲ್ಲಿ ನಿಜಕ್ಕೂ ಪೊದೆಗಳಿವೆ. ಅರ್ಧ ತಾಸಿನಿಂದ ನೋಡುತ್ತಿದ್ದರೂ ನನಗೆ ಕಂಡಿರಲಿಲ್ಲ. ಚೂರು ಹಸಿರನ್ನು ಅದರೊಳಗೆ ಬಿಡುತ್ತೇನೆ.

ಕೊನೆಗೆ ನೀರು. ಮೇಲಿದ್ದುದೆಲ್ಲ ಕೆಳಗೆ ತಲೆಕೆಳಗು, ಒಂದಿಷ್ಟು ಮಬ್ಬು, ಅಡ್ಡ ಅಡ್ಡ ಎರಡು ಒಣ ಕುಂಚದ ಎಳೆತ. ಮಂಟಪದ ಕಂಬಗಳ ನಡುವಿನ ಕತ್ತಲೆಗೆ ಮೂರನೇ ನಂಬರಿನ ಕುಂಚದಿಂದ ಆರು ಚುಕ್ಕೆ. ಅಷ್ಟರಲ್ಲಿ ಬಂಡೆಯ ಮೇಲಿನ ಬೆಳಕು ಏರುತ್ತ ಏರುತ್ತ ತುದಿಗೆ ಹೋಗಿ, ಕೆಂಡದಂತೆ ಒಂದು ಗಳಿಗೆ ನಿಂತು, ಆರಿತು. ನನ್ನ ಕಾಗದದಲ್ಲಿ ಇನ್ನೂ ಐದು ಗಂಟೆಯ ಬಿಸಿಲು.

ಹುಡುಗಿ ಎದ್ದಿಲ್ಲ. ಕಾಗದ ಕತ್ತರಿಸಿದಾಗ ಉಳಿದ ಪಟ್ಟಿಯೊಂದನ್ನು ಕೊಟ್ಟು ದೊಡ್ಡ ಕುಂಚ ಕೊಡುತ್ತೇನೆ. ಮೊದಲು ಬರೀ ನೀರು ಹಚ್ಚಲು ಹೇಳುತ್ತೇನೆ. ಹಚ್ಚುತ್ತಾಳೆ. ಕೆಂಪಿನಲ್ಲಿ ಕುಂಚದ ತುದಿ ಅದ್ದಿ ಒದ್ದೆಯ ನಡುವೆ ಇಡುತ್ತಾಳೆ. ಕೆಂಪು ಕಾಲು ಚಾಚಿ ಎಲ್ಲ ಕಡೆಗೂ ಓಡುತ್ತದೆ. ಆಕೆ ಉಸಿರು ಬಿಗಿಹಿಡಿದಿದ್ದಾಳೆ. ‘ಅಕ್ಕಾರ, ನಾ ಏನೂ ಮಾಡ್ಲಿಲ್ರಿ, ತಾನ ಹೊಂಟೈತಿ’ ಅನ್ನುತ್ತಾಳೆ, ಪಿಸುಮಾತಿನಲ್ಲಿ. ಪಟ್ಟಿ ಒಣಗುವ ತನಕ ಇಬ್ಬರೂ ಕಾಯುತ್ತೇವೆ. ಆಮೇಲೆ ಅದನ್ನು ಎರಡೂ ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತಿ ಓಡುತ್ತಾಳೆ.

ಬಾದಾಮಿ ನಿಲ್ದಾಣ ಊರಿನಿಂದ ಐದು ಕಿಲೋಮೀಟರು. ಆಟೋ ಇಳಿದಾಗ ಕತ್ತಲಾಗಿತ್ತು, ಹಿಂದಿರುಗುವ ಗಾಡಿಗೆ ಇನ್ನೂ ಮುಕ್ಕಾಲು ಗಂಟೆ. ಪ್ಲಾಟ್‌ಫಾರ್ಮಿನ ಬೆಂಚು, ಮೇಲೆ ಟ್ಯೂಬ್‌ಲೈಟು, ಅದಕ್ಕೆ ಮುತ್ತಿದ ಹುಳ. ಚಿತ್ರದ ಟೇಪು ಕಿತ್ತು ನೋಟುಪುಸ್ತಕದೊಳಗೆ ಇಟ್ಟು, ತೋಳು ತೆಗೆಯುತ್ತೇನೆ. ನಾಲ್ಕನೇ ಗೋಪುರ ಮುಂದುವರಿಸಬೇಕು. ಕಣ್ಣು ಮೂರನೆಯದಕ್ಕೆ ಹೋಗುತ್ತದೆ. ಬಟ್ಟೆ ತಿರುವುತ್ತೇನೆ. ಅಜ್ಜಿಯ ಉಗುರು ನಿಂತ ಜಾಗ. ಎಣಿಸುತ್ತೇನೆ: ಒಂದು, ಎರಡು, ಮೂರು, ನಾಲ್ಕು, ಐದು.

ಸೂಜಿಯಿಂದ ದಾರ ಕಳಚಿ, ಸೂಜಿಯ ಹಿಂತುದಿಯಿಂದ ಕೊನೆಯ ಹೊಲಿಗೆಯನ್ನು ಎತ್ತುತ್ತೇನೆ. ಬಂದ ದಾರಿಯಲ್ಲೇ ಹಿಂದಕ್ಕೆ: ನಾಲ್ಕನೇ ಗೋಪುರದ ಕಾಲು, ಮೂರನೆಯದರ ಇಳಿಜಾರು, ಶಿಖರ. ಗಂಟಿಲ್ಲದ್ದರಿಂದ ದಾರ ಎಲ್ಲಿಯೂ ತಡೆಯದೆ ಬರುತ್ತದೆ. ಕರಿ ಬಟ್ಟೆಯ ಮೇಲೆ ಸೂಜಿ ಹೋದ ತೂತುಗಳು ಸಾಲಾಗಿ ಉಳಿಯುತ್ತವೆ. ಉಗುರಿನಿಂದ ಅಡ್ಡ ಉದ್ದ ಕೆರೆದರೆ ಎಳೆಗಳು ಮತ್ತೆ ಕೂಡಿಕೊಳ್ಳುತ್ತವೆ. ಸೊಂಟದ ಆ ಐದೆಳೆಯ ಹೊಲಿಗೆಯೂ ಬಂತು. ಸೂಜಿಗೆ ದಾರ ಪೋಣಿಸಿ, ಬೆಳಕಿಗೆ ಬಟ್ಟೆ ಹಿಡಿದು, ನಾಲ್ಕು ಎಳೆ ಎಣಿಸುತ್ತೇನೆ. ದೂರದಲ್ಲಿ ಗಾಡಿಯ ದೀಪ ಕಾಣಿಸುತ್ತದೆ. ಬಟ್ಟೆಗೆ ಸೂಜಿ ಸಿಕ್ಕಿಸಿ ಮಡಿಚಿ ಎದ್ದು ನಿಲ್ಲುತ್ತೇನೆ.