ಅವ್ವನ ಹಾಡು ಅಳಿಸಿ ಕೂತ ದಿನ

ಮೊನ್ನೆ ಅರಿಷಿಣ-ಕುಂಕುಮಕ್ಕ ಹೋದಾಗ ನಮ್ಮ ಓಣಿಯವರು ಇಬ್ಬರು ಕೇಳಿದ್ರು, "ನಿಮ್ಮ ಹಳೇ ಲ್ಯಾಪ್‌ಟಾಪಿಗೆ ಮಗ ಏನೋ ಹೊಸಾದು ಹಾಕಿ ಕೊಟ್ಟಾನಂತಲ್ರಿ, ನಮ್ಮ ಮನ್ಯಾಗೂ ಒಂದು ಧೂಳು ತಿನ್ನಲಿಕ್ಕೆ ಹತ್ಯದ, ಹಾಕಸೋಣೇನು?" ಅಂತ. ಹಾಕಸ್ರಿ, ಧಾರಾಳ ಹಾಕಸ್ರಿ. ಆದ್ರ ಅದಕ್ಕಿಂತ ಮೊದಲ ನಾ ಮಾಡಿಕೊಂಡ ಘಾತ ಒಂದಿಷ್ಟು ಕೇಳ್ರಿ. ಇಷ್ಟು ದಿನ ಯಾರ ಮುಂದೂ ಹೇಳಿದ್ದಿಲ್ಲ.

ಹಾಕಿದ್ದು ಲಿನಕ್ಸ್ ಮಿಂಟ್. ಹಳೇ ವಿಂಡೋಸ್ ಚಾಲೂ ಆಗೋದರಾಗ ನಮ್ಮ ಕುಕ್ಕರು ಮೂರು ಸೀಟಿ ಹೊಡೀತಿತ್ತು, ಈಗ ಒಂದು ಸೀಟಿಗೆ ಮುಂಚೆ ತೆರೀತದ. ರ‍್ಯಾಮ್ 2 ಜಿಬಿ ಇದ್ರೂ ನಡೀತದ, 4 ಇದ್ರ ಛಲೋ. ರೊಕ್ಕಾ ಕೊಡೂದಿಲ್ಲ. ಲಿನಕ್ಸ್ ಅನ್ನೋದು 1991ರಾಗ ಫಿನ್ಲೆಂಡಿನ ಲೀನಸ್ ಟೋರ್ವಾಲ್ಡ್ಸ್ ಅನ್ನೋ ಹುಡುಗ ಕಾಲೇಜು ಓದ್ತಿರಬೇಕಾದ್ರ ಶುರು ಮಾಡಿದ್ದಂತ. ಅಂಗಡಿ ಮಸಾಲಿ ಪ್ಯಾಕೀಟಿನ್ಯಾಗ ಏನು ಹಾಕ್ಯಾರ ಅವರಿಗೇ ಗೊತ್ತು, ಇದು ಹಂಗಲ್ಲ, ಅಳತಿ ಸಮೇತ ಎಲ್ಲಾರಿಗೂ ಬರದು ಕೊಟ್ಟ ಅಡಗಿ. ಪೆನ್ ಡ್ರೈವಿಗೆ ಹಾಕಿ ಅಲ್ಲಿಂದನ ಚಾಲೂ ಮಾಡಿ ನೋಡಬಹುದು, 'ಇನ್‌ಸ್ಟಾಲ್' ಒತ್ತೋತನಕ ಒಳಗಿನ ಡಿಸ್ಕು ಇದ್ದಂಗ ಇರ್ತದ. ಅಂಗಡ್ಯಾಗ ಸೀರಿ ಮೈಮ್ಯಾಲೆ ಇಟಗೊಂಡು ನೋಡಿ, ಬ್ಯಾಡಾದ್ರ ಮಡಚಿ ಕೊಟ್ಟಂಗ.

ಅದರಾಗ ಟರ್ಮಿನಲ್ ಅಂತ ಒಂದು ಕರೇ ಕಿಟಕಿ ಅದ. ಕಂಟ್ರೋಲ್, ಆಲ್ಟ್, ಟಿ ಮೂರೂ ಕೂಡಿ ಒತ್ತಿದ್ರ ತೆರೀತದ. ಅಲ್ಲಿ ಚಿತ್ರ ಒತ್ತೂದಿಲ್ಲ, ಮಾತು ಬರದು ಹೇಳಬೇಕು. ಮಗ ನಾಕು ಮಾತು ಕಲಿಸಿದ್ದ. ಎಲ್ಎಸ್ ಅಂದ್ರ ಏನೇನು ಅದ ತೋರಸು, ಸಿಪಿ ಅಂದ್ರ ನಕಲು ಮಾಡು, ಎಂವಿ ಅಂದ್ರ ಸರಸು, ಆರ್‌ಎಂ ಅಂದ್ರ ತಗದು ಹಾಕು. ಪಿಯುಸಿ ಓದಿ ಒಲಿ ಮುಂದ ಕೂತಾಕಿ ನಾ, ಕರೇ ಪರದೆ ಮ್ಯಾಲೆ ಟಕಟಕ ಅಂತ ಬರದು ಕೆಲಸ ಆಗೂದು ನೋಡಿ ಸೊಕ್ಕು ಬಂದಿತ್ತು, ಖರೇ ಹೇಳ್ತೀನಿ.

ನಮ್ಮ ಅವ್ವ ಹೋಗೋಕಿಂತ ಮುಂಚಿನ ಎರಡು ವರ್ಷ ಅಕಿ ಹಾಡೋ ಹಾಡೆಲ್ಲಾ ಫೋನಿನ್ಯಾಗ ಹಿಡದಿದ್ದೆ. ಆರತಿ ಹಾಡು, ಶುಕ್ರವಾರದ ಹಾಡು, ತೊಟ್ಟಿಲ ಹಾಡು, ಉರುಟಣಿ ಹಾಡು, ಒಟ್ಟು 31. ಫೋನಿನ್ಯಾಗ ಜಾಗ ಸಾಲಲಿಲ್ಲ ಅಂತ ಎಲ್ಲಾ ಲ್ಯಾಪ್‌ಟಾಪಿಗೆ ತಂದು, ಹೆಸರಿಟ್ಟು, ಫೋನಿಂದ ಅಳಿಸಿಬಿಟ್ಟೆ. ಎರಡನೇ ಕಡೆ ಇಡಬೇಕಂತ ಯಾರ ತಲಿಗೆ ಬರಬೇಕು?

ಅದ ಫೋಲ್ಡರಿನ್ಯಾಗ 'ಟೆಸ್ಟ್' ಅಂತ ಶುರುವಾಗೋ ಏಳೆಂಟು ಹಾಳು ರೆಕಾರ್ಡಿಂಗ್ ಇದ್ವು. ಅವನ್ನ ತಗೀಲಿಕ್ಕೆ 'ಆರ್‌ಎಂ ಟೆಸ್ಟ್' ಬರದು ಅದಕ್ಕ ಹತ್ತಿಸಿ ನಕ್ಷತ್ರದ ಗುರುತು ಹಾಕಬೇಕು. ನಕ್ಷತ್ರ ಅಂದ್ರ 'ಮುಂದ ಏನಿದ್ರೂ ನಡೀತದ' ಅಂತ. ನಾ ಟೆಸ್ಟಿಗೂ ನಕ್ಷತ್ರಕ್ಕೂ ನಡುವ ಒಂದು ಖಾಲಿ ಜಾಗ ಬಿಟ್ಟೆ. ಅಷ್ಟ. ಅದರ ಅರ್ಥ ಯಂತ್ರಕ್ಕ ಬ್ಯಾರೆನ ಆತು. 'ಟೆಸ್ಟ್ ಅನ್ನೋ ಒಂದು ಫೈಲು ತಗಿ, ಆಮ್ಯಾಲೆ ಇಲ್ಲಿ ಇರೋ ಫೈಲೆಲ್ಲಾ ತಗಿ' ಅಂತ. ಮಜಾ ನೋಡ್ರಿ, ಟೆಸ್ಟ್ ಅನ್ನೋ ಫೈಲೇ ಇಲ್ಲ ಅಂತ ಒಂದು ಸಾಲು ಬರೀತು. 'ಹಂಗಾರ ಏನೂ ಅಳದಿಲ್ಲ' ಅಂತ ನಾ ಆರಾಮ ಕೂತೆ. ಎಲ್ಎಸ್ ಹೊಡದ್ರ ಪರದೆ ಖಾಲಿ. ಇನ್ನೊಮ್ಮೆ ಹೊಡದೆ. ಖಾಲಿ. ಕಸದ ಬುಟ್ಟಿ ತಗದು ನೋಡಿದೆ, ಅಲ್ಲೂ ಇಲ್ಲ. ಆರ್‌ಎಂ ಬುಟ್ಟಿಗೆ ಹಾಕೂದಿಲ್ಲ, ಕೇಳೂದೂ ಇಲ್ಲ. ಎದಿ ಧಸಕ್ಕಂತು. ಒಲಿ ಮ್ಯಾಲೆ ಸಾರು ಹತ್ತಿ ವಾಸನಿ ಬರಲಿಕ್ಕೆ ಹತ್ತಿತ್ತು, ನನಗ ಎದ್ದು ಹೋಗಲಿಕ್ಕೆ ಆಗಲಿಲ್ಲ.

ಮಗಗ ಫೋನ್ ಹಚ್ಚಿದೆ. ಬೈತಾನ ಅಂತ ಮಾಡಿದ್ದೆ, ಬೈಲಿಲ್ಲ. "ಅವ್ವಾ, ಏನೂ ಮುಟ್ಟಬ್ಯಾಡ, ಹಂಗ ಬಂದ್ ಮಾಡು, ನಾ ಶನಿವಾರ ಬರ್ತೀನಿ" ಅಂದ. ಅಂವ ತಿಳಿಸಿ ಹೇಳಿದ್ದು ಹಿಂಗ: ಅಳಿಸಿದ ಕೂಡಲೆ ಹಾಡು ಡಿಸ್ಕಿಂದ ಹೋಗೂದಿಲ್ಲ, ಡಬ್ಬಿ ಮ್ಯಾಲಿನ ಚೀಟಿ ಅಷ್ಟ ಹರೀತದ. ಡಬ್ಬಿ ಖಾಲಿ ಅದ ಅಂತ ತಿಳಕೊಂಡು ಯಂತ್ರ ಅದರಾಗ ಬ್ಯಾರೆ ಏನರ ಸುರುವೋತನಕ ಒಳಗಿನ ಕಾಳು ಹಂಗ ಇರ್ತಾವ. ಅದಕ್ಕ ಹಿಂತಾದ್ದು ಆದ್ರ ಮೊದಲ ಯಂತ್ರ ಬಂದ್ ಮಾಡ್ರಿ, ಗಾಬರ‍್ಯಾಗ ಅದೂ ಇದೂ ಒತ್ತಬ್ಯಾಡ್ರಿ. ನಂದು ಹಳೇ ತಿರಗೋ ಡಿಸ್ಕು, ನಸೀಬ. ಹೊಸಾ ಎಸ್‌ಎಸ್‌ಡಿ ಆಗಿದ್ರ ಸಿಗೂದು ಭಾಳ ಕಠಿಣ ಇತ್ತಂತ.

ಶನಿವಾರ ಬಂದು ಪೆನ್ ಡ್ರೈವಿನ ಲಿನಕ್ಸಿಂದ ಚಾಲೂ ಮಾಡಿ ಫೋಟೋರೆಕ್ ಅನ್ನೋದನ್ನ ಓಡಿಸಿದ. ಹೆಸರು ಫೋಟೋ ಅಂತಿದ್ರೂ ಹಾಡೂ ಹುಡಕ್ತದ, ಅದೂ ಪುಕಟ. ಸಿಕ್ಕಿದ್ದನ್ನ ಅದ ಡಿಸ್ಕಿಗೆ ಹಾಕಬಾರದು, ಬ್ಯಾರೆ ಡಿಸ್ಕಿಗೇ ಹಾಕಬೇಕು. ರಾತ್ರಿತನಕ ಓಡಿ ನೂರಾರು ಫೈಲು ಕೊಟ್ಟಿತು. ಹೆಸರು ಮಾತ್ರ ಒಂದಕ್ಕೂ ಇಲ್ಲ, ಎಫ್ ಅಂತ ಒಂದು ಅಕ್ಷರ, ಅದರ ಮುಂದ ಉದ್ದಾನೆ ಅಂಕಿ.

ಯಾವುದು ಯಾವ ಹಾಡು ಅಂತ ಹೇಳೋರು ನನ್ನ ಬಿಟ್ರ ಯಾರು? ಮೂರು ಮಧ್ಯಾಹ್ನ ಕಿವಿಗೆ ಹಚಗೊಂಡು ಕೂತೆ. ಅವ್ವ ಹೋಗಿ ವರ್ಷ ದಾಟಿತ್ತು, ಅಕಿ ಹಾಡು ನಾ ಒಂದು ಸಲಾನೂ ಪೂರಾ ಕೇಳಿದ್ದಿಲ್ಲ. ಹಿಡದು ಇಟ್ಟೀನಿ ಅನ್ನೋ ಸಮಾಧಾನದಾಗನ ಇದ್ದೆ. ಒಂದರಾಗ ನಡುವ ಹಾಡು ನಿಲ್ಲಿಸಿ, "ಏ, ಹಾಲು ಉಕ್ಕತದ ನೋಡು" ಅಂತಾಳ. ನಾ ಕುರ್ಚಿ ಬಿಟ್ಟು ಎದ್ದಿದ್ದೆ. ಅವತ್ತು ಒಲಿ ಮ್ಯಾಲೆ ಹಾಲs ಇದ್ದಿಲ್ಲ.

31ರಾಗ 29 ಪೂರಾ ಸಿಕ್ಕಾವ. ಒಂದು ಅರ್ಧಕ್ಕ ಕಡದದ. ಒಂದು ಸಿಗಲೇ ಇಲ್ಲ.

ಈಗ ನಾ ಏನು ಮಾಡ್ತೀನಿ ಅಂದ್ರ, ಅಳಿಸೋ ಮುಂಚೆ ಅದ ಸಾಲನ್ನ ಆರ್‌ಎಂ ಬದಲಿ ಎಲ್ಎಸ್ ಹಾಕಿ ಹೊಡೀತೀನಿ. ಯಾವ ಹೆಸರು ಬರ್ತಾವೋ ಅವ ಅಳಿಯೋವು. ಕಣ್ಣಿಂದ ನೋಡಿ, ಮ್ಯಾಲಿನ ಬಾಣದ ಗುಂಡಿ ಒತ್ತಿ ಅದ ಸಾಲು ತಂದು, ಎಲ್ಎಸ್ ತಗದು ಆರ್‌ಎಂ ಬರದು, ಒಂದು ಸಣ್ಣ ಗೀಟು ಹಾಕಿ ಐ ಸೇರಸ್ತೀನಿ. ಆಗ ಒಂದೊಂದಕ್ಕೂ 'ತಗೀಲೇನು?' ಅಂತ ಕೇಳ್ತದ. ಬ್ಯಾಸರಾಗ್ತದ, ಆಗಲಿ.

ಮತ್ತ ನಾನ ಒಂದು ಸಣ್ಣ ಪ್ರೋಗ್ರಾಮ್ ಬರದೀನಿ, ನಗಬ್ಯಾಡ್ರಿ. ಆರ್‌ಸಿಂಕ್ ಅನ್ನೋ ಆಜ್ಞಾದಿಂದ ಹಾಡಿನ ಫೋಲ್ಡರು ಪೆನ್ ಡ್ರೈವಿಗೆ ನಕಲಾಗ್ತದ, ಎರಡನೇ ಸಲದಿಂದ ಹೊಸಾದು, ಬದಲಾದದ್ದು ಅಷ್ಟ ಹೋಗ್ತದ. ಎನ್ ಸೇರಿಸಿ ಓಡಿಸಿದ್ರ ಏನು ಮಾಡ್ತೀನಿ ಅಂತ ತೋರಸ್ತದ, ಮಾಡೂದಿಲ್ಲ. ಮೊದಲ ಹಂಗ ಓಡಿಸಿ ನೋಡ್ರಿ. ಅದರಾಗ 'ಡಿಲೀಟ್' ಅಂತ ಒಂದು ಆಯ್ಕೆ ಅದ, ಅದನ್ನ ಮುಟ್ಟಬ್ಯಾಡ್ರಿ. ಅದು ಇದ್ರ ಇಲ್ಲಿ ತಪ್ಪಿ ಅಳಿಸಿದ್ದು ಅಲ್ಲೂ ಅಳೀತದ, ಮತ್ತ ನನ್ನ ಕಥಿನ. ಪೆನ್ ಡ್ರೈವ್ ಚುಚ್ಚಿರದಿದ್ರ 'ಪೆನ್ ಡ್ರೈವ್ ಹಾಕವಾ' ಅಂತ ಬರೀಲಿ ಅಂತ 'ಇಫ್' ಒಂದು ಹಾಕೀನಿ. ಆ ಕರೇ ಕಿಟಕ್ಯಾಗ ಕನ್ನಡದ ಒತ್ತಕ್ಷರ ಚೂರುಪಾರು ಒಡದು ಕಾಣ್ತಾವ, ಆದ್ರೂ ತಿಳೀತದ. ಶುಕ್ರವಾರ ಸಂಜೀಕ ದೀಪ ಹಚ್ಚಿ ಓಡಸ್ತೀನಿ. ಪೆನ್ ಡ್ರೈವ್ ಎರಡು, ಒಂದು ತಂಗಿ ಮನ್ಯಾಗ ಇರ್ತದ.

ಅರ್ಧ ಕಡದದ್ದು ಉರುಟಣಿ ಹಾಡು. ಮದುಮಗಳು ಗಂಡಗ ಅರಿಷಿಣ ಹಚ್ಚೋತನಕ ಅದ, ಗಂಡ ಹಚ್ಚೋದು ಇಲ್ಲ. ಸಿಗದ್ದು ಅವ್ವ ನಮ್ಮ ಅಣ್ಣನ ಮಗಳಿಗೆ ಹಾಡಿದ ತೊಟ್ಟಿಲ ಹಾಡು. ದೊಡ್ಡಕ್ಕಾ, ಸಣ್ಣ ಮಾಮಿ, ನೀವಿಬ್ಬರೂ ಅವ್ವನ ಸಂಗತಿ ಹಾಡಿದೋರು. ಒಂದು ಮಧ್ಯಾಹ್ನ ಬರ್ರಿ, ಚಹಾ ಮಾಡ್ತೀನಿ. ಫೋನ್ ಚಾರ್ಜ್ ಮಾಡಿ ಇಟ್ಟಿರ್ತೀನಿ.